ಅಡಿಗಾರೆಯ ಗೆರೆಗಳು

ಸಿಂಗಪುರ
೮ ಫೆಬ್ರವರಿ ೨೦೨೫

ಜ್ಯೋ,

‘ಪ್ರೀತಿಯ’ ಅಂತ ಮೊದಲು ಹಾಕಿದ್ದೆ, ಆಮೇಲೆ ಅಳಿಸಿದೆ. ನೀನು ಅದನ್ನು ಓದಿ ಮೂಗು ಮುರಿಯುವುದು ಇಲ್ಲಿಂದಲೇ ಕಾಣಿಸಿತು. ವಾಟ್ಸ್ಯಾಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತಲ್ಲ, ಅದಕ್ಕೇ ನಿನ್ನ ಆಫೀಸಿನ ವಿಳಾಸಕ್ಕೆ ಇಮೇಲ್ ಮಾಡುತ್ತಿದ್ದೇನೆ. ಅಲ್ಲಿ ಕನ್ನಡ ಓದುವವರು ನಿನ್ನ ಹೊರತು ಯಾರೂ ಇರಲಿಕ್ಕಿಲ್ಲ. ಬೈಯುವುದಿದ್ದರೆ ಧಾರಾಳವಾಗಿ ಬೈದು ಬರಿ.

ವಿಷಯ ಇಷ್ಟು. ನಾನೀಗ ಇಲ್ಲಿನ ಒನ್-ನಾರ್ತ್ ಬಡಾವಣೆಯ ಒಂದು ಸ್ಟುಡಿಯೋದಲ್ಲಿದ್ದೇನೆ. ಹಾಳುಬಿದ್ದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವುದು ನಮ್ಮ ಕೆಲಸ. ದೊಡ್ಡದೊಂದು ಕತ್ತಲೆ ಹಾಲ್, ಗೋಡೆಗೂ ನೆಲಕ್ಕೂ ಚಿತ್ರ ಬಿಡುತ್ತೇವೆ, ಜನ ಟಿಕೆಟ್ ತೆಗೆದುಕೊಂಡು ಒಳಗೆ ನಡೆದಾಡುತ್ತಾರೆ. ಈ ಸಲದ್ದು ಕ್ರೈಸ್ತರ ಮೊದಮೊದಲ ಬೆಸಿಲಿಕಾಗಳ ಪ್ರದರ್ಶನ. ಫೈಲುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಕೊನೆಯದು ಅಲ್ಬೇನಿಯಾದ ಕಡಲ ದಂಡೆಯ ಶೆನ್‌ಮಿರಿ ಎಂಬ ಊರು. ಕೆಳಗೆ ಬರೆದಿತ್ತು: ನೆಲದ ಮೊಸಾಯಿಕ್ ಸಂರಕ್ಷಣೆ, ಜ್ಯೋತ್ಸ್ನಾ ವೈದ್ಯ. ಆ ಸಂಜೆ ಎಂಆರ್‌ಟಿ ರೈಲಿನಲ್ಲಿ ಇಳಿಯಬೇಕಾದ ಸ್ಟೇಷನ್ ಬಿಟ್ಟು ಮುಂದೆ ಹೋಗಿಬಿಟ್ಟೆ ಮಾರಾಯ್ತಿ.

ಬಲಿಪೀಠದ ಮುಂದೆ ನೆಲದಲ್ಲಿ ಒಂದು ತೂತು ಉಂಟಲ್ಲ, ಆ ಭಾಗದ ಸ್ಕ್ಯಾನ್ ನಮಗೆ ಮಸುಕಾಗಿ ಬಂದಿದೆ. ನಿನ್ನ ಹತ್ತಿರ ಒಳ್ಳೆಯದು ಇದ್ದೀತು. ಜೂನ್‌ನಲ್ಲಿ ಪ್ರದರ್ಶನ ಶುರು. ಕಳಿಸಿದರೆ ನನ್ನ ಮಾನ ಉಳಿಯುತ್ತದೆ.

ಗಂಡ, ಮಗಳು ಇಬ್ಬರೂ ಚೆನ್ನಾಗಿದ್ದಾರೆ. ಲತೇಶ್ ಎಂದಿನಂತೆ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡ್‌ನ ಫ್ಯಾಕ್ಟರಿಗೆ ಹೋಗಿ ಬಂದು ಮಾಡುತ್ತಿದ್ದಾನೆ. ಖುಷಿಗೆ ಹತ್ತು ತುಂಬಿತು, ಬಾಯಿ ನಿನ್ನ ಹಾಗೆ. ನಿನ್ನ ಅಪ್ಪಯ್ಯ ಹೋದಾಗ ನಾನು ಬರಲಿಲ್ಲ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ಸ್ಕ್ಯಾನಿಗಾಗಿ ಬರೆದ ಹಾಗಾಗುತ್ತದೆ.

ಸುಪ್ರೀ


ಶೆನ್‌ಮಿರಿ
೧ ಮಾರ್ಚ್ ೨೦೨೫

ಸುಪ್ರೀತಾ,

ಏನೂ ಬರೆಯುವುದಿಲ್ಲ ಅಂತ ಹೇಳುತ್ತಲೇ ಬರೆದುಬಿಟ್ಟೆಯಲ್ಲ, ಶಹಬ್ಬಾಸ್. ಅಪ್ಪಯ್ಯ ಹೋದ ದಿನ ನೀನು ಫೋನಿಗೆ ಕಳಿಸಿದ ಆ ಎರಡು ಕೈಮುಗಿದ ಗೊಂಬೆ ನನಗೆ ಚೆನ್ನಾಗಿ ನೆನಪುಂಟು. ಶಾಲೆಗೆ ರಜೆ ಸಿಕ್ಕಿದ್ದೇ ನಮ್ಮ ಮನೆಯ ಜಗಲಿಗೆ ಬಂದು ಬೀಳುತ್ತಿದ್ದವಳು ನೀನು. ಅಪ್ಪಯ್ಯ ನಾಗನ ಪೂಜೆಗೆ ನಾಗಮಂಡಲ ಬರೆಯಲು ಹೊರಟರೆ ಬಣ್ಣದ ಪುಡಿಯ ಚೀಲ ಹಿಡಿದುಕೊಂಡು ನನಗಿಂತ ಮುಂದೆ ಓಡುತ್ತಿದ್ದವಳು. ಇರಲಿ, ಸಿಂಗಪುರದಿಂದ ಉಡುಪಿಗೆ ವಿಮಾನ ಹತ್ತುವುದು ಕಷ್ಟ ಅಂತ ಕೇಳಿದ್ದೇನೆ.

ಬೆಸಿಲಿಕಾ ಅಂದ ಕೂಡಲೇ ಅತ್ತೂರು ಇಗರ್ಜಿಯ ಗೋಪುರ, ಗಂಟೆ, ಸಾಂತ್‌ಮಾರಿ ಜಾತ್ರೆಯ ಜನ ಎಲ್ಲ ನಿನ್ನ ತಲೆಗೆ ಬಂದಿರಬೇಕು. ಇಲ್ಲಿ ಅಂಥದ್ದೇನೂ ಇಲ್ಲ. ಮೊಣಕಾಲೆತ್ತರದ ಗೋಡೆ, ಮುರಿದ ಕಂಬಗಳ ಬುಡ, ಪೂರ್ವದ ಕಡೆ ಅರ್ಧಚಂದ್ರದ ಹಾಗೆ ಬಾಗಿದ ಕಲ್ಲಿನ ಸಾಲು, ಅಷ್ಟೇ. ಕ್ರಿಸ್ತನ ಹೆಸರೆತ್ತಿದರೆ ತಲೆ ಹೋಗುವ ಕಾಲ ಕಳೆದ ಮೇಲೆ ಜನ ಧೈರ್ಯವಾಗಿ ಕೂಡಲು ಕಟ್ಟಿಕೊಂಡ ಜಾಗ ಇದು. ಮೇಲಿನ ಮಾಡು ಕುಸಿದುಬಿದ್ದು ಸಾವಿರ ವರ್ಷವಾಯಿತು. ಉಳಿದದ್ದು ನೆಲ. ಆ ನೆಲಕ್ಕೆ ನಾನು ಆರು ವರ್ಷದಿಂದ ಆಳು.

ಅದೂ ವರ್ಷವಿಡೀ ಕಾಣಿಸುವುದಿಲ್ಲ. ಅಕ್ಟೋಬರ್‌ನಲ್ಲಿ ಮೇಲೆ ಬಟ್ಟೆ ಹಾಸಿ, ಗೇಣುದ್ದ ಮರಳು ಸುರಿದು ಮುಚ್ಚುತ್ತೇವೆ, ಮೇ ತಿಂಗಳಲ್ಲಿ ತೆರೆಯುತ್ತೇವೆ. ಮಳೆ, ಮಂಜು, ಹುಲ್ಲಿನ ಬೇರು ಯಾವುದೂ ತಾಗಬಾರದಲ್ಲ. ಬಂದ ಟೂರಿಸ್ಟುಗಳು ಬರೀ ಮರಳು ನೋಡಿ ಬೈದು ಹೋಗುತ್ತಾರೆ. ಇಲ್ಲಿನ ಮೇಯರ್‌ಗೂ ಅದೇ ಸಿಟ್ಟು, ಮರಳು ತೋರಿಸಿ ಊರು ಉದ್ಧಾರವಾಗುವುದು ಹೇಗೆ ಅಂತ.

ನೀನು ತೂತು ಅಂದದ್ದು ಒಂದು ಚಾಪೆಯಷ್ಟು ಜಾಗ. ಅಲ್ಲಿ ಮೊಸಾಯಿಕ್ ಚಿತ್ರದ ಬಣ್ಣದ ಕಲ್ಲುಗಳು ಎಂದೋ ಕಿತ್ತುಹೋಗಿ ಅಡಿಯ ಸುಣ್ಣದ ಗಾರೆ ಬಯಲಾಗಿದೆ. ಗಾರೆ ಹಸಿಯಿದ್ದಾಗ ಕೆಲಸದವನು ಅಳತೆಗೆ ದಾರ ಹೊಡೆದ ಗುರುತು, ಕಲ್ಲು ಕೂರಿಸುವ ಮೊದಲು ಕೆಮ್ಮಣ್ಣಿನಲ್ಲಿ ಎಳೆದುಕೊಂಡ ಬಳುಕು ಗೆರೆಗಳು, ಮೂಲೆಯಲ್ಲಿ ಅವನ ಹಿಮ್ಮಡಿ ಒತ್ತಿದ ಗುಳಿ ಎಲ್ಲ ಹಾಗೇ ಇವೆ. ಉಳಿದ ಕಡೆ ಚಿತ್ರ ಕಾಣುತ್ತದೆ, ಬರೆದವನು ಕಾಣುವುದು ಇಲ್ಲೊಂದೇ ಕಡೆ. ನಾನು ಇಲ್ಲಿಯವರೆಗೆ ಪ್ರಕಟಿಸಿದ ಲೇಖನಗಳೆಲ್ಲ ಈ ಜಾಗದ ಬಗ್ಗೆ. ಮಣ್ಣು ಬಿಡಿಸಿದವಳೂ ನಾನೇ, ಇನ್ನೊಬ್ಬರ ಕೈ ತಾಗಲು ಬಿಟ್ಟಿಲ್ಲ.

ಸ್ಕ್ಯಾನ್ ಜೊತೆಗಿಟ್ಟಿದ್ದೇನೆ. ಒಂದೇ ಷರತ್ತು. ನಮ್ಮ ಕಸುಬಿನಲ್ಲಿ ಇಲ್ಲದ್ದನ್ನು ಇಲ್ಲ ಅಂತಲೇ ತೋರಿಸುವುದು ಪದ್ಧತಿ. ನೀನೂ ಕಲಿತವಳೇ, ಮರೆತಿದ್ದರೆ ನೆನಪು ಮಾಡಿಕೊ. ಆ ಜಾಗ ಬೂದು ಬಣ್ಣದಲ್ಲಿ ಖಾಲಿ ಇರಬೇಕು. ತುಂಬಿಸಬೇಡ.

ಜ್ಯೋತ್ಸ್ನಾ


ಸಿಂಗಪುರ
೨೨ ಮಾರ್ಚ್ ೨೦೨೫

ಜ್ಯೋ,

ಬೈಗುಳ ತಲುಪಿತು, ಸ್ಕ್ಯಾನ್ ಕೂಡ ತಲುಪಿತು. ಎರಡೂ ಹೈ ರೆಸಲ್ಯೂಷನ್.

ಆ ಹಿಮ್ಮಡಿಯ ಗುಳಿಯನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಎಡಗಾಲು ಅಲ್ಲವಾ? ಕೂತಲ್ಲಿಂದ ಎದ್ದಾಗ ಭಾರ ಬಿಟ್ಟಿದ್ದಾನೆ. ನನಗೆ ಕಣ್ಣು ತುಂಬಿತು, ನಗಬೇಡ. ಇಷ್ಟು ವರ್ಷ ಮಾಲ್‌ಗಳಿಗೆ ಪ್ಲಾಸ್ಟಿಕ್ ಡ್ರ್ಯಾಗನ್ ಮಾಡಿಕೊಟ್ಟು ಕೈ ಜಡ್ಡುಗಟ್ಟಿತ್ತು.

ಬೂದು ಬಣ್ಣದ ವಿಷಯ ಕೌಶಿಕ್‌ಗೆ ಹೇಳಿದೆ. ಕೌಶಿಕ್ ಅಂದರೆ ಈ ಸ್ಟುಡಿಯೋ ಕಟ್ಟಿದವರು, ಬೆಂಗಳೂರಿನವರು, ಮಾತು ಮೃದು, ಕೆಲಸದಲ್ಲಿ ಹಟ. “ಗ್ರೇ ಪ್ಯಾಚ್ ಇಟ್ರೆ ಪ್ರೊಜೆಕ್ಟರ್ ಕೆಟ್ಟೋಗಿದೆ ಅನ್ಕೊತಾರೆ ಸುಪ್ರೀತಾ. ಟಿಕೆಟ್ ತಗೊಂಡು ಬಂದೋರಿಗೆ ಹೋಲ್ ತೋರ್ಸೋದಾ?” ಅಂದರು. “ಅದು ಅವ್ಳು ಹಾಕಿರೋ ಕಂಡೀಷನ್” ಅಂದೆ. “ನೋಡೋಣ, ಡಿಸ್ಕಸ್ ಮಾಡೋಣ” ಅಂದರು. ನಾನು ಒಪ್ಪಿಸುತ್ತೇನೆ, ಹೆದರಬೇಡ. ನಿನ್ನ ಚಾಪೆಯನ್ನು ಯಾರೂ ಮುಟ್ಟುವುದಿಲ್ಲ. ನನ್ನ ಮಾತು ನಂಬು.

ಸುಪ್ರೀ


ಶೆನ್‌ಮಿರಿ
೨೪ ಜೂನ್ ೨೦೨೫

ಸುಪ್ರೀತಾ,

ನಿನ್ನೆ ಸಂಜೆ ಮೇಯರ್ ಊರ ಚೌಕದಲ್ಲಿ ಪರದೆ ಕಟ್ಟಿಸಿ ನಿಮ್ಮ ಸಿಂಗಪುರದ ವಿಡಿಯೋ ಹಾಕಿಸಿದರು. ಊರಿಗೆ ಊರೇ ಕುರ್ಚಿ ತಂದುಕೊಂಡು ಕೂತಿತ್ತು. ಗೋಡೆ ಎದ್ದಿತು, ಮಾಡು ಬಂತು, ದೀಪ ಹೊತ್ತಿತು, ಜನ ಚಪ್ಪಾಳೆ ಹೊಡೆದರು. ಆಮೇಲೆ ಚಿತ್ರ ಬಲಿಪೀಠದ ಮುಂದಿನ ನೆಲಕ್ಕೆ ಇಳಿಯಿತು.

ಬೂದು ಬಣ್ಣ ಎಲ್ಲಿ?

ಅಲ್ಲಿ ಇದ್ದದ್ದು ನನ್ನ ಅಪ್ಪಯ್ಯನ ಪವಿತ್ರ. ನಾಗಮಂಡಲದ ನಡುವೆ ಹಾವು ಹೆಣೆದುಕೊಂಡ ಗಂಟು. ಹೆಡೆ ತೆಗೆದಿದ್ದೀಯ, ಬಾಲ ತೆಗೆದಿದ್ದೀಯ, ಅರಿಶಿನ ಕುಂಕುಮದ ಬಣ್ಣ ಬಿಟ್ಟು ಕಲ್ಲಿನ ಬಣ್ಣ ಹಚ್ಚಿದ್ದೀಯ. ಆದರೆ ಹೆಣಿಗೆ? ಎಳೆ ಒಂದರ ಮೇಲೆ ಹಾದರೆ ಮುಂದಿನದರ ಕೆಳಗೆ ಹಾಯಬೇಕು, ಅದು ಎಲ್ಲರೂ ಬರೆಯುವ ಕ್ರಮ. ಅಪ್ಪಯ್ಯ ಮಾತ್ರ ಬಲಗಡೆಯ ತಿರುವಿನಲ್ಲಿ ಎರಡು ಸಲ ಮೇಲಿಂದಲೇ ಕೊಂಡುಹೋಗುತ್ತಿದ್ದರು. “ನಾಗನಿಗೆ ಉಸಿರು ಬಿಡ್ಲಿಕ್ಕೆ ಒಂದು ಜಾಗ ಬೇಡ್ವಾ?” ಅನ್ನುತ್ತಿದ್ದರು. ಅದನ್ನೂ ಬಿಡದೆ ಕದ್ದಿದ್ದೀಯ. ಸುತ್ತಲಿನ ಜಡೆಹೆಣಿಗೆಯ ಅಂಚಿಗೆ ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಮ್ಮ ಉತ್ಖನನದ ಡೈರೆಕ್ಟರ್ ಕೂಡ ತಲೆದೂಗಿದರು. ನಾನೊಬ್ಬಳು ಕುರ್ಚಿಯ ಕೈ ಹಿಡಿದು ಕೂತಿದ್ದೆ.

ಮಂಡಲ ಉಳಿಯಲಿ ಅಂತ ಯಾರೂ ಬರೆಯುವುದಿಲ್ಲ. ಬೆಳಗಾಗುವುದರೊಳಗೆ ಅಳಿಸಿ, ಆ ಪುಡಿಯನ್ನೇ ಪ್ರಸಾದ ಮಾಡಿ ಹಂಚಿ ಮುಗಿಸುವುದು. ಅಷ್ಟೂ ಗೊತ್ತಿದ್ದವಳು ನೀನು. ಅದನ್ನು ತಂದು ಇನ್ನೊಬ್ಬರ ದೇವರ ಮನೆಯಲ್ಲಿ ಹಾಸಿದ್ದೀಯ.

ಇದು ಇಲ್ಲಿಗೆ ಮುಗಿದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಮೇಯರ್ ಮೈಕ್ ಹಿಡಿದು ಹೇಳಿದರು: ಸಿಂಗಪುರದವರು ತೋರಿಸಿದ ಹಾಗೆಯೇ ನಮ್ಮ ನೆಲವನ್ನು ಪೂರ್ತಿ ಮಾಡಿಸುತ್ತೇವೆ, ಅಕ್ಟೋಬರ್‌ನ ಊರಹಬ್ಬಕ್ಕೆ ತೆರೆಯುತ್ತೇವೆ, ಇನ್ನು ಮರಳು ಬೇಡ. ಪೂರ್ತಿ ಮಾಡುವುದು ಅಂದರೆ ಏನು ಗೊತ್ತಾ? ನನ್ನ ಗಾರೆಯ ಮೇಲೆ ಸಿಮೆಂಟ್ ಬಳಿದು ಹೊಸ ಕಲ್ಲು ಕೂರಿಸುವುದು. ಆ ದಾರದ ಗುರುತು, ಗೆರೆ, ಹಿಮ್ಮಡಿ ಎಲ್ಲ ಅದರ ಅಡಿಯಲ್ಲಿ ಸಾಯುತ್ತವೆ.

ನಿನ್ನ ಸ್ಟುಡಿಯೋದಿಂದ ಮೇಯರ್‌ಗೆ ಒಂದು ಪತ್ರ ಹೋಗಬೇಕು. ಆ ಜಾಗದ ಚಿತ್ರ ನಮ್ಮ ಕಲ್ಪನೆ, ಆಧಾರ ಇಲ್ಲ ಅಂತ. ಇಷ್ಟು ಮಾಡಿದರೆ ಅವರು ಕೈಬಿಡುತ್ತಾರೆ. ಬೇರೇನೂ ಕೇಳುತ್ತಿಲ್ಲ.

ಜ್ಯೋತ್ಸ್ನಾ


ಸಿಂಗಪುರ
೯ ಜುಲೈ ೨೦೨೫

ಜ್ಯೋ,

ಎರಡು ವಾರ ಉತ್ತರ ಬರೆಯಲಿಲ್ಲ, ಧೈರ್ಯ ಬರಲಿಲ್ಲ.

ಬೂದು ಬಣ್ಣ ಮೇ ತಿಂಗಳವರೆಗೂ ಇತ್ತು. ಕ್ಲೈಂಟ್ ಟ್ರಯಲ್ ನೋಡಲು ಬಂದವರು ಅದರ ಮೇಲೆ ನಿಂತು “ಲೋಡ್ ಆಗಿಲ್ವಾ?” ಅಂತ ಕೇಳಿದರು. ಕೌಶಿಕ್ ನನ್ನನ್ನು ಪಕ್ಕಕ್ಕೆ ಕರೆದು “ಫಿಲ್ ಮಾಡ್ಬಿಡಿ ಸುಪ್ರೀತಾ, ಏನಾದ್ರೂ ಹಾಕಿ, ಸೂಟ್ ಆದ್ರೆ ಸಾಕು” ಅಂದರು. ಸುತ್ತ ಎಲ್ಲ ಹೆಣಿಗೆ. ನಿನ್ನ ಗಾರೆಯ ಮೇಲಿನ ಕೆಂಪು ಗೆರೆ ಹಿಡಿದೇ ಶುರು ಮಾಡಿದೆ, ಅರ್ಧಕ್ಕೆ ಬಂದಾಗ ಗೆರೆ ಮುಗಿಯಿತು. ಮುಂದಿನದನ್ನು ಕೈ ತಾನೇ ಬರೆಯಿತು. ನನಗೆ ಗೊತ್ತಿದ್ದ ಹೆಣಿಗೆ ಅದೊಂದೇ. ಕದಿಯಬೇಕು ಅಂತ ಕದ್ದದ್ದಲ್ಲ. ಉಸಿರಿನ ಜಾಗ ಬಂದಾಗ ಮಾತ್ರ ಗೊತ್ತಾಯಿತು, ತಿದ್ದಬಹುದಿತ್ತು. ತಿದ್ದಲಿಲ್ಲ. ಜಗತ್ತಿನಲ್ಲಿ ಅದನ್ನು ಗುರುತು ಹಿಡಿಯುವವಳು ನೀನೊಬ್ಬಳೇ. ನೀನು ಹಿಡಿಯಲಿ ಅಂತ ಆಸೆಯೂ ಇತ್ತೇನೋ. ನಾಲ್ಕು ವರ್ಷ ನಿನ್ನ ಜೊತೆ ಮಾತಿಲ್ಲದೆ ನನಗೆ ತುಂಬ ಬೇಜಾರಾಗಿತ್ತು ಜ್ಯೋ.

ಪತ್ರದ ವಿಷಯ ಕೌಶಿಕ್ ಹತ್ತಿರ ಎತ್ತಿದೆ. ಅವರು ನಕ್ಕೇಬಿಟ್ಟರು. “ಹಾಲ್‌ನಲ್ಲಿ ಬೋರ್ಡ್ ಮೇಲೆ ಅಥೆಂಟಿಕ್ ಅಂತ ಹಾಕಿದ್ದೀವಿ. ಈಗ ನಾವೇ ಸುಳ್ಳು ಅಂತ ಬರ್ಕೊಡೋದಾ?”

ಇನ್ನೊಂದು ಹೇಳಬೇಕು. ಲತೇಶನ ಕೆಲಸ ಹೋಯಿತು. ಯೂನಿಟ್ ಮುಚ್ಚಿದರು. ಬೆಳಿಗ್ಗೆ ಕಂಪನಿ ಬಸ್ಸಿನ ಹೊತ್ತಿಗೆ ಈಗಲೂ ಏಳುತ್ತಾನೆ, ಶರ್ಟ್ ಹಾಕಿಕೊಂಡು ವಾಯ್ಡ್ ಡೆಕ್‌ಗೆ, ಅಂದರೆ ನಮ್ಮ ಕಟ್ಟಡದ ಅಡಿಯ ಖಾಲಿ ಜಗಲಿಗೆ, ಹೋಗಿ ಚೈನೀಸ್ ಅಂಕಲ್‌ಗಳ ಜೊತೆ ಸುಮ್ಮನೆ ಕೂರುತ್ತಾನೆ. ಈಗ ಮೂವರೂ ಈ ದೇಶದಲ್ಲಿರುವುದು ನನ್ನ ಕೆಲಸದ ಪಾಸ್ ಮೇಲೆ. ನನ್ನ ಕೆಲಸ ಹೋದರೆ ಗಂಟುಮೂಟೆ ಕಟ್ಟುವುದೇ.

ನೀನೇ ಹೇಳಿಬಿಡು ಅವರಿಗೆ. ಅದು ನಿನ್ನ ಜಾಗ, ನಿನ್ನ ಮಾತಿಗೆ ಬೆಲೆ ಇರುತ್ತದೆ.

ಸುಪ್ರೀ


ಶೆನ್‌ಮಿರಿ
೩ ಆಗಸ್ಟ್ ೨೦೨೫

ಸುಪ್ರೀತಾ,

ಲತೇಶನ ವಿಷಯ ಕೇಳಿ ಬೇಸರವಾಯಿತು. ಇದು ನಿಜ.

ನೀನು ಹೇಳಿದ ಹಾಗೆ ನಾನೇ ಹೇಳಿದೆ. ಮೇಯರ್, ಡೈರೆಕ್ಟರ್, ಊರಿನ ಪಾದ್ರಿ ಮೂವರನ್ನೂ ಕೂರಿಸಿಕೊಂಡು ಹೇಳಿದೆ. ಈ ಗಂಟು ನಿಮ್ಮದಲ್ಲ, ನಮ್ಮ ಕಡೆ ನಾಗನ ಪೂಜೆಗೆ ನೆಲದ ಮೇಲೆ ಬರೆಯುವ ಚಿತ್ರ, ಸಿಂಗಪುರದ ಕಲಾವಿದೆ ನೆನಪಿನಿಂದ ಹಾಕಿದ್ದು, ಅಂತ. ಅಪ್ಪಯ್ಯನ ಹಳೆಯ ಫೋಟೋ ತೋರಿಸಿದೆ. ಮಂಡಲದ ಪಕ್ಕ ಕೈತುಂಬ ಬಣ್ಣ ಮಾಡಿಕೊಂಡು ನಗುತ್ತಿರುವುದು.

ಪಾದ್ರಿ ಫೋಟೋ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದರು. “ಹಾವು?” ಅಂದರು. ಹೌದು ಅಂದೆ. “ಬಲಿಪೀಠದ ಮುಂದೆ ಹಾವು?” ಅಂದರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಮಾತೆಲ್ಲ ಡೈರೆಕ್ಟರ್ ಆಡಿದರು. ಆ ಕಲಾವಿದೆ ನಿಮ್ಮ ಊರಿನವಳಾ? ಹೌದು. ಪರಿಚಯವಾ? ಬಾಲ್ಯದಿಂದ. ಸ್ಕ್ಯಾನ್ ಕಳಿಸಿದ್ದು ಯಾರು? ನಾನು. ಈ ಚಿತ್ರ ಬರೆಯುತ್ತಿದ್ದದ್ದು ಯಾರು? ನನ್ನ ತಂದೆ.

ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು, ಇದು ಹೇಗೆ ಕೇಳಿಸುತ್ತಿದೆ ಅಂತ.

ಸಿಮೆಂಟ್ ಕೆಲಸ ಸದ್ಯ ನಿಂತಿದೆ. ಈಗ ಪ್ರಶ್ನೆ ನೆಲದ್ದಲ್ಲ, ನನ್ನದು. ಹಿಂದೂ ಹೆಂಗಸರಿಬ್ಬರು ಮಾತಾಡಿಕೊಂಡು ಇಗರ್ಜಿಯೊಳಗೆ ಹಾವು ತಂದಿಟ್ಟರು ಅಂತ ಬೇಕರಿಯಲ್ಲಿ ಮಾತಾಡುತ್ತಿದ್ದಾರಂತೆ. ದಿನಾ ಬ್ರೆಡ್ ಕೊಡುವಾಗ ಮಗಳೇ ಅನ್ನುತ್ತಿದ್ದ ಅಜ್ಜಿ ನಿನ್ನೆ ಬ್ರೆಡ್ಡನ್ನು ಕೌಂಟರ್ ಮೇಲೆ ಇಟ್ಟು ಒಳಗೆ ಹೋದಳು.

ಡೈರೆಕ್ಟರ್ ನಿಮ್ಮ ಸ್ಟುಡಿಯೋಗೆ ಪತ್ರ ಬರೆದು ಕೇಳಿದ್ದಾರೆ, ಆ ವಿನ್ಯಾಸ ಎಲ್ಲಿಂದ ಬಂತು ಅಂತ. ಉತ್ತರಕ್ಕೆ ನಿನ್ನ ಸಹಿ ಬೇಕಂತೆ. ಸುಪ್ರೀ, ಒಂದು ಸಾಲು ಬರಿ. ಅದನ್ನು ನಾನೇ ಸೇರಿಸಿದೆ, ಜ್ಯೋತ್ಸ್ನಾಗೆ ಗೊತ್ತಿರಲಿಲ್ಲ, ಅಷ್ಟೇ. ನಿನ್ನ ಕಂಪನಿಯನ್ನು ಬೈಯಬೇಡ, ಕೌಶಿಕ್ ಹೆಸರೆತ್ತಬೇಡ. ನಾನು ಆರು ವರ್ಷದಲ್ಲಿ ಮಾಡಿದ್ದೆಲ್ಲ ಈಗ ನಿನ್ನ ಆ ಒಂದು ಸಾಲಿನ ಮೇಲೆ ನಿಂತಿದೆ. ಬೇಡಿಕೊಳ್ಳುತ್ತಿದ್ದೇನೆ ಅಂತ ಬೇಕಾದರೆ ತಿಳಿದುಕೊ. ಹೌದು, ಬೇಡಿಕೊಳ್ಳುತ್ತಿದ್ದೇನೆ.

ನಿನ್ನ
ಜ್ಯೋ


ಸಿಂಗಪುರ
೨೬ ಆಗಸ್ಟ್ ೨೦೨೫

ಜ್ಯೋ,

ಉತ್ತರ ಹೋಯಿತು. ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ಕೌಶಿಕ್ ಬರೆದುಕೊಟ್ಟರು. ‘ಉತ್ಖನನದ ಸ್ಥಳದಿಂದ ನಮಗೆ ಒದಗಿಸಿದ ಸಾಮಗ್ರಿಯಲ್ಲಿ ಕಾಣುವ ಗೆರೆಗಳನ್ನು ಅನುಸರಿಸಿ ಈ ವಿನ್ಯಾಸ ಮಾಡಲಾಗಿದೆ.’ ಇಷ್ಟೇ ಇರುವುದು. ಕೆಳಗೆ ನನ್ನ ಸಹಿ.

ಸುಳ್ಳು ಅಂತ ಹೇಳಬೇಡ. ನಿನ್ನ ಸ್ಕ್ಯಾನಿನ ಗೆರೆ ಹಿಡಿದೇ ನಾನು ಶುರು ಮಾಡಿದ್ದು. ನಿನ್ನ ಹೆಸರು ಎಲ್ಲಿಯೂ ಇಲ್ಲ, ಎರಡು ಸಲ ನೋಡಿದೆ. ನಾನು ಬೇರೆ ಥರ ಬರೆಯುತ್ತೇನೆ ಅಂದಾಗ ಕೌಶಿಕ್ ಏರುದನಿ ಮಾಡಲಿಲ್ಲ. “ನೀವು ಹಾಗೆ ಬರೆದ್ರೆ ನಾನು ನಿಮ್ಮನ್ನ ಇಟ್ಕೊಳಕ್ಕಾಗಲ್ಲ ಸುಪ್ರೀತಾ, ಯೋಚ್ನೆ ಮಾಡಿ” ಅಂದು ಕಾಫಿ ತರಿಸಿಕೊಟ್ಟರು. ಮನೆಗೆ ಬಂದರೆ ಲತೇಶ ಖುಷಿಗೆ ಲೆಕ್ಕ ಹೇಳಿಕೊಡುತ್ತಿದ್ದ. ನನ್ನ ಮುಖ ನೋಡಿ ಅವಳು “ಅಮ್ಮಾ, ಆಂಟಿ ಇನ್ನೂ ಆಂಗ್ರಿನಾ? ಸುಮ್ನೆ ಸಾರಿ ಹೇಳ್ಬಿಡು ಲಾ” ಅಂತ ಇಲ್ಲಿನ ಮಕ್ಕಳ ಧಾಟಿಯಲ್ಲಿ ಅಂದಳು. ನಾನು ಒಳಗೆ ಹೋಗಿ ಸಹಿ ಮಾಡಿ ಕಳಿಸಿದೆ.

ನಿನಗೆ ಕಸುಬು ಉಂಟು, ಹೆಸರು ಉಂಟು. ಈ ಜಾಗ ಇಲ್ಲದಿದ್ದರೆ ಇನ್ನೊಂದು ಸಿಗುತ್ತದೆ. ಭೂಮಿಯ ಮೇಲೆ ಹಾಳುಬಿದ್ದದ್ದಕ್ಕೆ ಕೊರತೆ ಇಲ್ಲ. ನನಗೆ ಇನ್ನೊಂದು ಇಲ್ಲ.

ಬೈದಾದರೂ ಬರಿ.

ಸುಪ್ರೀ


ಸಿಂಗಪುರ
೧೯ ಅಕ್ಟೋಬರ್ ೨೦೨೫

ಜ್ಯೋ,

ನಿನ್ನ ಆಫೀಸಿನ ವಿಳಾಸಕ್ಕೆ ಕಳಿಸಿದ್ದೆಲ್ಲ ವಾಪಸ್ ಬರುತ್ತಿದೆ. ಇದನ್ನು ನಿನ್ನ ಹಳೆಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಕೂತು ಮಾಡಿಕೊಂಡದ್ದು. ಊರಿಗೆ ಫೋನ್ ಮಾಡಿದೆ, ನಿನ್ನ ಅಣ್ಣ ಎತ್ತಿದರು, ನನ್ನ ಹೆಸರು ಹೇಳಿದ ಕೂಡಲೇ ಇಟ್ಟರು.

ಶೆನ್‌ಮಿರಿಯ ಹಬ್ಬದ ಫೋಟೋಗಳು ನೆಟ್‌ನಲ್ಲಿ ಬಂದಿವೆ. ಜನ ಬಹಳ ಇದ್ದಾರೆ, ನೆಲ ಸರಿಯಾಗಿ ಕಾಣುವುದಿಲ್ಲ. ನಿನ್ನನ್ನು ಹುಡುಕಿದೆ. ಏನಾಯಿತು ಅಂತ ಹೇಳು.

ಇಲ್ಲಿ ಪ್ರದರ್ಶನವನ್ನು ವರ್ಷದ ಕೊನೆಯವರೆಗೆ ಮುಂದುವರಿಸಿದ್ದಾರೆ. ಲತೇಶನಿಗೆ ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಏನೋ ಒಂದು ಕೆಲಸ ಸಿಕ್ಕಿದೆ, ಅವನ ಓದಿಗೆ ಸಂಬಂಧ ಇಲ್ಲದ್ದು. ನಿನಗೆ ಇದೆಲ್ಲ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ.

ಸುಪ್ರೀ


ಸಿಂಗಪುರ
೧೪ ಡಿಸೆಂಬರ್ ೨೦೨೫

ಸುಪ್ರೀತಾ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಿನ್ನ ಮನೆಗೆ ಬರುವುದಿಲ್ಲ. ಲಿಟ್ಲ್ ಇಂಡಿಯಾದ ಒಂದು ಲಾಡ್ಜ್‌ನಲ್ಲಿ ಮೂರು ದಿನ ಇದ್ದೆ, ಈಗ ಚಾಂಗಿಯಲ್ಲಿ ವಿಮಾನಕ್ಕೆ ಕಾಯುತ್ತ ಕೂತು ಬರೆಯುತ್ತಿದ್ದೇನೆ. ನಿನ್ನ ಪ್ರದರ್ಶನ ನೋಡಲೆಂದೇ ಬಂದೆ. ಆ ನೆಲ ಈಗ ಪೂರ್ತಿ ಇರುವುದು ನಿಮ್ಮ ಊರಿನಲ್ಲಿ ಮಾತ್ರ.

ಏನಾಯಿತು ಅಂತ ಕೇಳಿದ್ದೀಯ, ಹೇಳುತ್ತೇನೆ.

ನಿನ್ನ ಸಹಿಯ ಪತ್ರ ಬಂತು. ‘ಗೆರೆಗಳನ್ನು ಅನುಸರಿಸಿ.’ ಅವರು ನೇರವಾಗಿ ಯೋಚಿಸಿದರು, ತಪ್ಪು ಹೇಳುವಂತಿಲ್ಲ. ವಿನ್ಯಾಸ ಹಾವಿನದು ಅಂತ ಜ್ಯೋತ್ಸ್ನಾಳೇ ಹೇಳಿದ್ದಾಳೆ. ವಿನ್ಯಾಸ ಗಾರೆಯ ಮೇಲಿನ ಗೆರೆಗಳಿಂದ ಬಂದದ್ದು ಅಂತ ಸಿಂಗಪುರದವಳು ಬರೆದುಕೊಟ್ಟಿದ್ದಾಳೆ. ಹಾಗಾದರೆ ಹಾವಿನ ಗೆರೆ ಗಾರೆಯ ಮೇಲೆ ಮೊದಲೇ ಇತ್ತು. ಮೊದಲ ಕ್ರೈಸ್ತರು ಹಾವಿನ ಗೆರೆ ಎಳೆಯುತ್ತಾರಾ? ಇಲ್ಲ. ಆ ಜಾಗ ತೆರೆದವರು ಯಾರು, ಯಾರನ್ನೂ ಮುಟ್ಟಲು ಬಿಡದೆ ಆರು ವರ್ಷ ಅದರ ಮೇಲೆ ಕೂತಿದ್ದವರು ಯಾರು? ಹಾಗಾದರೆ ಆ ಗೆರೆ ಎಳೆದವಳೂ ಅವಳೇ. ಗಾರೆಯ ಚೂರನ್ನು ಪರೀಕ್ಷೆಗೆ ಕಳಿಸಿ, ಗೆರೆಯ ಪ್ರಾಯ ಗೊತ್ತಾಗುತ್ತದೆ ಅಂತ ಕಾಲಿಗೆ ಬಿದ್ದೆ. ಹಬ್ಬ ಹತ್ತಿರ ಬಂತು ಅಂದರು.

ಸೆಪ್ಟೆಂಬರ್ ಕೊನೆಯಲ್ಲಿ ಕೆರೆದು ತೆಗೆದರು. ನನ್ನನ್ನು ಬೇಲಿಯ ಹೊರಗೆ ನಿಲ್ಲಿಸಿದ್ದರು. ಹಾವು ಬಿಟ್ಟು ಹೋಗಬಾರದು ಅಂತ ಗಾರೆಯನ್ನು ಮಣ್ಣು ಕಾಣುವವರೆಗೆ ಅಗೆದರು, ಪಾದ್ರಿ ಬಂದು ನೀರು ಚಿಮುಕಿಸಿದರು. ಆ ಹಿಮ್ಮಡಿಯನ್ನು ಮೊದಲು ಒಡೆದರೋ ಕೊನೆಗೆ ಒಡೆದರೋ ನನಗೆ ಗೊತ್ತಿಲ್ಲ, ಅಷ್ಟು ದೂರಕ್ಕೆ ಕಾಣಲಿಲ್ಲ. ಈಗ ಅಲ್ಲಿ ನಯವಾದ ಸಿಮೆಂಟ್ ಉಂಟು, ನಡುವೆ ಅಂಗಡಿಯಿಂದ ತಂದ ಟೈಲ್ಸಿನ ಒಂದು ಶಿಲುಬೆ. ನೋಡಲು ತುಂಬ ಚೊಕ್ಕವಾಗಿದೆ.

ನಿನ್ನ ಹಾಲ್‌ಗೆ ಮೊನ್ನೆ ಹೋದೆ. ಚೆನ್ನಾಗಿ ಮಾಡಿದ್ದೀಯ, ಕೈಯಲ್ಲಿ ಕಲೆ ಇರುವುದು ನಿಜ. ಗಂಟಿನ ಮೇಲೆ ಮಕ್ಕಳು ಕುಣಿಯುತ್ತಿದ್ದರು. ವಾಲಂಟಿಯರ್ ಆಂಟಿಯೊಬ್ಬರು ನನ್ನ ಹತ್ತಿರ ಬಂದು, ಇದು ಸಾವಿರದೈನೂರು ವರ್ಷ ಹಳೆಯ ಚಿತ್ರ, ಕೊನೆಯಿಲ್ಲದ ಬದುಕಿನ ಗುರುತು ಅಂತ ಇಂಗ್ಲಿಷಿನಲ್ಲಿ ವಿವರಿಸಿದರು. ಹೌದಾ ಅಂದೆ. ನನ್ನ ಗಾರೆಯ ಗೆರೆ ಕಳ್ಳ ಗೆರೆ, ನಿನ್ನ ಗಂಟು ಸಾವಿರದೈನೂರು ವರ್ಷದ್ದು. ಹೊರಗೆ ಬಂದೆ.

ಇನ್ನೊಂದು ವಿಷಯ ಉಳಿಯಿತು. ಇದನ್ನು ಅಮ್ಮನಿಗೂ ಹೇಳಿಲ್ಲ.

ರಾಷ್ಟ್ರೀಯ ಸ್ಮಾರಕ ಕೆಡಿಸಿದ್ದಕ್ಕೆ ಪೊಲೀಸ್ ದೂರು ಕೊಡುವುದಾಗಿ ಡೈರೆಕ್ಟರ್ ಹೇಳಿದರು. ವೀಸಾ ಕೆಲಸಕ್ಕೆಂದು ಕೊಟ್ಟಿದ್ದ ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ದೂರು ಬೇಡವೆಂದರೆ ಒಂದು ಕಾಗದಕ್ಕೆ ಸಹಿ ಹಾಕಬೇಕು. ‘ಅಡಿಗಾರೆಯ ಮೇಲಿನ ಗೆರೆಗಳನ್ನು ಎಳೆದವಳು ನಾನೇ. ಈ ಬಗ್ಗೆ ಇದುವರೆಗೆ ಪ್ರಕಟಿಸಿದ್ದನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ.’ ಓದಿದೆ. ಅಲ್ಲಿಯವರೆಗೆ ನಿನ್ನ ಬಗ್ಗೆ ನನಗೆ ಒಂದು ತಾತ್ಸಾರ ಇತ್ತು ಸುಪ್ರೀ. ನಾನಾಗಿದ್ದರೆ ಪ್ರಾಣ ಹೋದರೂ ಹಾಕುತ್ತಿರಲಿಲ್ಲ ಅಂತ ಆಗಸ್ಟ್ ತಿಂಗಳಿಡೀ ಒಬ್ಬಳೇ ಹೇಳಿಕೊಂಡು ತಿರುಗಿದ್ದೆ. ಪೆನ್ನು ಇರಲಿಲ್ಲ. ಅವರ ಮೇಜಿನ ಮೇಲಿದ್ದದ್ದನ್ನು ನಾನೇ ಕೇಳಿ ತೆಗೆದುಕೊಂಡೆ. ಸಹಿ ಹಾಕಿದೆ, ದಿನಾಂಕ ಬರೆದೆ, ಪಾಸ್‌ಪೋರ್ಟ್ ತೆಗೆದುಕೊಂಡು ಥ್ಯಾಂಕ್ಸ್ ಕೂಡ ಹೇಳಿದೆ.

ಎಷ್ಟು ಸಲೀಸು ಮಾರಾಯ್ತಿ.

ಯಾವನೋ ಒಬ್ಬ ದಾರ ಹೊಡೆದು, ಕೂತು, ಕೆಮ್ಮಣ್ಣು ಅದ್ದಿ ಎಳೆದ ಗೆರೆ. ಅವನ ಪರವಾಗಿ ಮಾತಾಡಲು ಜಗತ್ತಿನಲ್ಲಿ ಇದ್ದವಳು ನಾನೊಬ್ಬಳು. ಅವನು ಇರಲೇ ಇಲ್ಲ ಅಂತ ಬರೆದುಕೊಟ್ಟು ಬಂದಿದ್ದೇನೆ. ಕೆರೆದವರು ಗಾರೆ ಕೆರೆದರು, ಅವನನ್ನು ಅಳಿಸಿದವಳು ನಾನು.

ನಿನ್ನ ಕಷ್ಟ ನನಗೆ ಅರ್ಥವಾಯಿತು. ಅರ್ಥವಾಯಿತು ಅಂತ ಮಾತ್ರ ಹೇಳುತ್ತಿದ್ದೇನೆ, ಕ್ಷಮಿಸಿದೆ ಅಂತ ಓದಿಕೊಳ್ಳಬೇಡ. ನನ್ನನ್ನೇ ಕ್ಷಮಿಸಲು ಆಗದವಳು ನಿನ್ನನ್ನು ಯಾವ ಬಾಯಿಂದ ಕ್ಷಮಿಸಲಿ?

ವಿಮಾನ ಕರೆಯುತ್ತಿದ್ದಾರೆ.

ಜ್ಯೋತ್ಸ್ನಾ